ಕರಡಿಗೆ ಆಕ್ಷೇಪಣೆ

ಅರಸೀಕೆರೆ ಆಸ್ಪತ್ರೆಯ ಹೆರಿಗೆ ವಾರ್ಡು,
ರಾತ್ರಿ ಪಾಳಿಯ ಮೇಜಿನ ಮೇಲೆ
ಎರಡು ಕರಡು ನಿಯಮ, ಒಂದೇ ಪಿನ್ನು.
ಒಂದು, ಹತ್ತನೇ ಕ್ಲಾಸಿನ ಮಕ್ಕಳು
ಎಷ್ಟು ತೆಗೆದರೆ ಪಾಸು ಎಂಬುದು.
ಇನ್ನೊಂದು, ನನ್ನಂಥವರು
ಐದು ವರ್ಷಕ್ಕೊಮ್ಮೆ ಎಷ್ಟು ಗಂಟೆ ಪಾಠ ಕೇಳಿದರೆ
ಇನ್ನೂ ನರ್ಸುಗಳೇ ಎಂಬುದು.
ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನದೊಳಗೆ, ಲಿಖಿತವಾಗಿ.
ಇಪ್ಪತ್ತೆಂಟು ಆಗಲೇ ಹೋಗಿವೆ.

"ಕರಡಿಗೆ ಆಕ್ಷೇಪಣೆ ಬರೀತಿದೀನಿ" ಅಂದೆ.
ಆಯಾ ಪುಟ್ಟಗೌರಮ್ಮ ಬಕೆಟ್ಟು ಕೆಳಗಿಟ್ಟು ನಕ್ಕಳು:
"ಕರಡಿಗೆ ಏನಂತ ಹೇಳ್ತೀರಿ ಸಿಸ್ಟರ್,
ನಮ್ಮೂರ ಗುಡ್ಡದಲ್ಲಿ ಎದುರಾದ್ರೆ
ಅದು ಲಿಖಿತವಾಗಿ ಏನೂ ಕೇಳಲ್ಲ."

ಮಾರ್ಚಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ನನ್ನನ್ನು ಹಾಕಿದ್ದರು,
ಒಂದು ಔಷಧಿ ಡಬ್ಬ, ಹತ್ತು ಪೊಟ್ಟಣ ಓಆರ್‌ಎಸ್.
ಗಣಿತದ ದಿನ ತಸ್ಮಿಯಾ ಬೆಂಚಿನಿಂದ ಜಾರಿದಳು.
ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣ ಬಳಿದ ಹಾಗೆ.
ತಿಂಡಿ ತಿಂದಿಲ್ಲ, ರಾತ್ರಿಯಿಡೀ ಪ್ರಮೇಯ ಬಾಯಿಪಾಠ.
ನಾನು ನಾಡಿ ಎಣಿಸುತ್ತಿದ್ದೆ,
ಅವಳು ಇನ್ನೊಂದು ಕೈಯ ಬೆರಳಲ್ಲಿ
ನನ್ನ ಅಂಗೈ ಮೇಲೆ ತ್ರಿಭುಜ ಎಳೆಯುತ್ತಿದ್ದಳು.
ಮೂಲೆಯ ಕ್ಯಾಮೆರಾ ಇಬ್ಬರನ್ನೂ ನೋಡುತ್ತಿತ್ತು.
ಹದಿನೆಂಟು ನಿಮಿಷ ಹೋಯಿತು. ಅದನ್ನು ವಾಪಸು ಕೊಡುವ ಕಲಂ
ಮೇಲ್ವಿಚಾರಕರ ಪುಸ್ತಕದಲ್ಲಿ ಸಿಗಲಿಲ್ಲ.
ಮೇನಲ್ಲಿ ಅವಳಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ
ಎರಡು ಬೆರಳು ತೋರಿಸಿದಳು.
ಎರಡು ಅಂಕ.

ಗೆರೆಗಳ ನಡುವೆಯೇ ಬದುಕಿದವಳು ನಾನು.
ರಕ್ತ ಹನ್ನೊಂದು, ಬಿಪಿ ನೂರನಲವತ್ತು ತೊಂಬತ್ತು,
ಕೂಸು ಎರಡೂವರೆ ಕೆಜಿ.
ಯಾರು ಎಳೆದರೋ, ಯಾಕೆ ಅಲ್ಲೇ ಎಂದು ಕೇಳಿದವಳಲ್ಲ.
ತಕ್ಕಡಿ ಎರಡು ಮುನ್ನೂರೈವತ್ತು ತೋರಿಸಿದರೆ
ಕೂಸಿಗೆ ಫೇಲು ಅನ್ನುವುದಿಲ್ಲ,
ಜೂನಿಗೆ ಮತ್ತೆ ಬಾ ಅನ್ನುವುದಿಲ್ಲ,
ತಾಯ ಎದೆಗೆ ಬರಿಮೈ ತಾಗಿಸಿ ಕಟ್ಟುತ್ತೇವೆ,
ಎರಡು ಗಂಟೆಗೊಮ್ಮೆ ಹಾಲು. ಟೋಪಿ. ಕಾಲುಚೀಲ.
ಹೀಗೆ ಬರೆದೆ. ಚೆನ್ನಾಗಿದೆ ಅನ್ನಿಸಿತು.
ಆಮೇಲೆ ಹೊಡೆದುಹಾಕಿದೆ.

ಗೆರೆಯೇ ಇಲ್ಲದಿದ್ದರೆ
ಯಾವ ಕೂಸನ್ನು ಕಟ್ಟಬೇಕೆಂದು ಗೊತ್ತಾಗುವುದು ಹೇಗೆ?

ಮತ್ತೆ, ನನ್ನದೂ ಒಂದಿದೆ.
ಹನ್ನೊಂದು ವರ್ಷದ ಹಿಂದೆ, ಇದೇ ವಾರ್ಡು,
ಹೊಸ ಬಾಟಲಿ, ನನ್ನ ಹಳೆಯ ಲೆಕ್ಕ.
ದಶಮಾಂಶದ ಚುಕ್ಕಿ ಒಂದು ಮನೆ ಜರುಗಿತ್ತು.
ಡಾಕ್ಟರ್ ಹೊನ್ನಪ್ಪ ಸಿರಿಂಜು ಕಿತ್ತುಕೊಂಡರು, ಮಗು ಉಳಿಯಿತು.
ಆ ದಿನ ನನ್ನ ನೋಂದಣಿ ಚಾಲ್ತಿಯಲ್ಲೇ ಇತ್ತು.
ಯಾರೂ ಏನನ್ನೂ ಬರೆದಿಡಲಿಲ್ಲ.

ಪಾಠ ಕೇಳಬೇಕು, ನಿಜ.
ಹೋದ ಸಲ ಹಾಸನದ ಸಭಾಂಗಣದಲ್ಲಿ ಕೇಳಿದ್ದು
ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ, ನಡುವೆ ಪಲಾವು.
ಎಂಟು ಗಂಟೆ ಎಂದು ಬರೆದುಕೊಟ್ಟರು,
ನನ್ನ ಹೆಸರಿನ ಒತ್ತಕ್ಷರ ಬಿಟ್ಟು.

ಜಂಕ್ಷನ್ನಿನಲ್ಲಿ ಬೆಳಗಿನ ಗಾಡಿ ಕೂಗುವ ಹೊತ್ತಿಗೆ
ಹಾಳೆಯಲ್ಲಿ ಉಳಿದದ್ದು ಇಷ್ಟೇ:
ಮಾನ್ಯರೇ, ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಿರಿ.
ಕೆಳಗೆ ಬಿದ್ದವರನ್ನು ಎರಡು ಗಂಟೆಗೊಮ್ಮೆ
ಎದ್ದು ನೋಡಬೇಕಾದವರು ಯಾರೆಂದು
ಅದೇ ಪುಟದಲ್ಲಿ ಬರೆಯಿರಿ.
ಎರಡು ಇಲಾಖೆಗೂ ಇದೇ ಒಕ್ಕಣೆ,
ಕರಡಿನ ಪ್ರತಿ ಲಗತ್ತಿಸಿದೆ.

ಅಂಚೆ ಕಚೇರಿಯ ಹುಡುಗ ಮೊದಲ ಲಕೋಟೆ ತೂಗಿದ.
"ಎರಡು ಗ್ರಾಂ ಜಾಸ್ತಿ ಮೇಡಂ,
ಮುಂದಿನ ದರ ಬೀಳುತ್ತೆ."
ಗೋಂದು ಹಚ್ಚಿರಲಿಲ್ಲ. ಪಿನ್ನು ಕಿತ್ತು ಇಟ್ಟುಕೊಂಡೆ.
ಇನ್ನೂ ಒಂದು ಗ್ರಾಂ.
ಅವನು ತಕ್ಕಡಿ ನೋಡಿದ,
ರಾತ್ರಿಯಿಡೀ ಮುಚ್ಚದ ನನ್ನ ಕಣ್ಣು ನೋಡಿದ,
ಮುದ್ರೆ ಒತ್ತಿದ.